ಕೊಡಗಲ್ಲಿ ನಾಯಿಮರಿ ತರೋ ಮುಂಚೆ: ಒಳ್ಳೆ ಬ್ರೀಡರ್‌ನ ಹುಡುಕೋದು ಹೇಗೆ, ಹೋದಾಗ ಏನೇನು ನೋಡ್ಬೇಕು

ಕೊಡಗಲ್ಲಿ ನಾಯಿ ಇಲ್ಲದ ತೋಟದ ಮನೆ ಸಿಗೋದೇ ಕಷ್ಟ. ಆದ್ರೂ ಮರಿ ತರೋ ವಿಷ್ಯದಲ್ಲಿ ನಾವು ತುಂಬಾ ಅವಸರ ಮಾಡ್ತೀವಿ. ವಾಟ್ಸಾಪ್ ಗ್ರೂಪಲ್ಲಿ ಒಂದು ಫೋಟೋ ಬರುತ್ತೆ, "ಲ್ಯಾಬ್ ಮರಿ ಇದೆ, 35 ದಿನ ಆಗಿದೆ, ಬೇಕಾದವರು ಕಾಲ್ ಮಾಡಿ" ಅಂತ, ಮಕ್ಕಳು ಹಟ ಹಿಡೀತಾರೆ, ಭಾನುವಾರ ಗಾಡಿ ತಗೊಂಡು ಹೋಗಿ ಕುಶಾಲನಗರದ ಬಸ್ ಸ್ಟ್ಯಾಂಡ್ ಹತ್ರನೋ ಹುಣಸೂರಿನ ಯಾವ್ದೋ ಬೇಕರಿ ಮುಂದೆನೋ ನಿಂತು ರಟ್ಟಿನ ಡಬ್ಬದಿಂದ ಮರಿ ಎತ್ಕೊಂಡು ದುಡ್ಡು ಕೊಟ್ಟು ಬರ್ತಾರೆ. ಮರಿ ಎಲ್ಲಿ ಹುಟ್ತು, ತಾಯಿ ಹೇಗಿತ್ತು, ಯಾವುದೂ ಗೊತ್ತಿಲ್ಲ. ನಾಲ್ಕನೇ ದಿನಕ್ಕೆ ವಾಂತಿ, ರಕ್ತ ಭೇದಿ ಶುರು ಆದ್ರೆ ಫೋನ್ ಮಾಡಿದ ನಂಬರ್ ಸ್ವಿಚ್ ಆಫ್. ಮರಿ ಉಳೀತು ಅಂತಾನೇ ಇಟ್ಕೊಳ್ಳಿ, ಒಂದು ವರ್ಷಕ್ಕೆ ಬಂದವರ ಮೇಲೆಲ್ಲಾ ಹಾರೋದು, ಸೌಂಡ್ ಆದ್ರೆ ಮಂಚದ ಕೆಳಗೆ ಸೇರ್ಕೊಳ್ಳೋದು, ಕಾಲು ಎಳ್ಕೊಂಡು ನಡೆಯೋದು ಒಂದೊಂದಾಗಿ ಹೊರಗೆ ಬರುತ್ತೆ.

ನಾಯಿ ಅಂದ್ರೆ ಹತ್ತು ಹನ್ನೆರಡು ವರ್ಷ ನಮ್ಮ ಜೊತೆ ಇರೋ ಜೀವ. ಅದಕ್ಕೆ ಎರಡು ಮೂರು ತಿಂಗಳು ಹುಡುಕೋದು ಏನೂ ಜಾಸ್ತಿ ಅಲ್ಲ. ಇಲ್ಲಿ ನಾನು ಹೇಳೋದ್ರಲ್ಲಿ ಬೇರೇನು ಮರೆತ್ರೂ ಪರವಾಗಿಲ್ಲ, ಒಂದು ಮಾತ್ರ ನೆನಪಿಟ್ಕೊಳ್ಳಿ, ತಾಯಿನ ಅದು ಇರೋ ಜಾಗದಲ್ಲೇ ಹೋಗಿ ನೋಡದೆ ಮರಿ ತರಬೇಡಿ.

ಮೊದ್ಲು ಮನೆಲಿ ಕೂತು ಯೋಚಿಸ್ಬೇಕಾದ್ದು

ಯಾವ ಜಾತಿ ಅಂತ ತೀರ್ಮಾನ ಮಾಡೋವಾಗ ಫೋಟೋ ನೋಡೋ ಬದಲು ನಿಮ್ಮ ಜಾಗ ನೋಡಿ. ಮಡಿಕೇರಿ, ಭಾಗಮಂಡಲ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆನೇ ಒಣಗಲ್ಲ, ಅಂಥಾ ಜಾಗದಲ್ಲಿ ದಪ್ಪ ಕೂದಲಿನ ನಾಯಿ ತಂದ್ರೆ ಮೈ ಒಳಗೆ ತೇವ ನಿಂತು ಫಂಗಸ್, ಹುಣ್ಣು ಆಗ್ತಾನೇ ಇರುತ್ತೆ. ಹಸ್ಕಿ, ಸೇಂಟ್ ಬರ್ನಾರ್ಡ್ ಚಳಿ ದೇಶದ ನಾಯಿ, ನಮ್ಮದೂ ಚಳಿ ಊರು ತಾನೇ ಅಂತ ತರೋರಿದ್ದಾರೆ, ಆದ್ರೆ ಅವಕ್ಕೆ ಒಗ್ಗೋದು ಒಣ ಚಳಿ, ನಮ್ಮದು ಮಳೆ ಚಳಿ, ಮಾರ್ಚ್ ಏಪ್ರಿಲ್‌ನಲ್ಲಿ ಕುಶಾಲನಗರ ಕಡೆ ಬಿಸಿಲು ಹೇಗಿರುತ್ತೆ ಅಂತ ಎಲ್ಲರಿಗೂ ಗೊತ್ತು. ಕಾಕರ್ ಸ್ಪ್ಯಾನಿಯಲ್ ತರದ ಜೋಲು ಕಿವಿ ನಾಯಿಗೆ ಮಳೆಗಾಲದಲ್ಲಿ ಕಿವಿ ಸೋರೋದು ನಿಲ್ಲಲ್ಲ, ದಿನಾ ಒರೆಸೋ ತಾಳ್ಮೆ ಇದ್ರೆ ಮಾತ್ರ ತನ್ನಿ.

ಇನ್ನೊಂದು ವಿಷ್ಯ ನಮ್ಮ ಜಿಲ್ಲೆಗೆ ತುಂಬಾ ಮುಖ್ಯ. ಸಿದ್ದಾಪುರ, ತಿತಿಮತಿ ಕಡೆ ತೋಟದೊಳಗೆ ಆನೆ ಇರೋದು ಮಾಮೂಲು. ಅಟ್ಟಿಸ್ಕೊಂಡು ಹೋಗೋ ಬುದ್ಧಿ ಜೋರಾಗಿರೋ ನಾಯಿ ಆನೆ ಕಂಡ್ರೆ ಬೊಗಳ್ಕೊಂಡು ಹೋಗುತ್ತೆ, ಆನೆ ತಿರುಗಿ ಬಿದ್ರೆ ಅದು ಓಡಿ ಬರೋದು ಯಜಮಾನನ ಕಾಲ ಹತ್ರಕ್ಕೇ, ಹಿಂದೆ ಆನೆ. ಬೀಗಲ್, ಹೌಂಡ್ ಜಾತಿಗಳು ವಾಸನೆ ಸಿಕ್ಕಿದ್ರೆ ಕರೆದ್ರೂ ಬರಲ್ಲ, ಹಂದಿಗೆ ಇಟ್ಟ ಉರುಳಿಗೆ ಸಿಕ್ಕಿಬೀಳೋದು ಜಾಸ್ತಿ ಇಂಥವೇ. ಚಿರತೆ ಓಡಾಡೋ ಕಡೆ ರಾತ್ರಿ ನಾಯಿ ಹೊರಗೆ ಕಟ್ಟಿ ಹಾಕೋ ಯೋಚನೆ ಇದ್ರೆ ದಯವಿಟ್ಟು ಮರಿನೇ ತರಬೇಡಿ. ಹೋಮ್‌ಸ್ಟೇ ನಡೆಸೋರಿಗೆ ಬೇರೆ ಲೆಕ್ಕ, ವಾರ ವಾರ ಹೊಸ ಮುಖ, ಹೊಸ ಮಕ್ಕಳು, ಬಾಲ ಎಳೆಯೋರು, ಅಂಥಾ ಮನೆಗೆ ಕಾವಲು ನಾಯಿ ಅಂತ ಸಿಡುಕಿನ ನಾಯಿ ತಂದ್ರೆ ಒಂದಲ್ಲ ಒಂದು ದಿನ ಯಾರಿಗಾದ್ರೂ ಕಚ್ಚುತ್ತೆ. ಜನರ ಜೊತೆ ಸಮಾಧಾನವಾಗಿರೋ ನಾಯಿ ಬೇಕು ಅಂತ ಬ್ರೀಡರ್ ಹತ್ರ ಬಾಯಿ ಬಿಟ್ಟು ಹೇಳ್ಬೇಕು.

ಊರ ನಾಯಿ ಮರಿ ತಂದು ಸಾಕೋದಾದ್ರೆ ಇನ್ನೂ ಸಂತೋಷ. ನಮ್ಮ ಹವೆಗೆ ಅದರಷ್ಟು ಚೆನ್ನಾಗಿ ಒಗ್ಗೋ ನಾಯಿ ಬೇರೆ ಇಲ್ಲ, ಹುಟ್ಟಿನಿಂದ ಬರೋ ಕಾಯಿಲೆನೂ ಕಮ್ಮಿ. ಅಲ್ಲೂ ತಾಯಿ ಸುತ್ತಮುತ್ತ ಇದ್ರೆ ಅದು ಜನರ ಹತ್ರ ಹೇಗಿದೆ ಅಂತ ನೋಡಿ, ಇನ್ನು ಮರಿ ಮೈ ಹೇಗೆ ನೋಡ್ಬೇಕು ಅಂತ ಕೆಳಗೆ ಬರೆದಿದ್ದೀನಲ್ಲ, ಅದು ಎಲ್ಲಾ ಮರಿಗೂ ಒಂದೇ.

ಬ್ರೀಡರ್ ಎಲ್ಲಿ ಸಿಗ್ತಾರೆ

ಮೊದಲನೇ ಬಾಗಿಲು ನಿಮ್ಮ ಪಶು ಡಾಕ್ಟ್ರು. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಗೋಣಿಕೊಪ್ಪ, ಎಲ್ಲಿದ್ರೂ ಸರಿ, ಡಾಕ್ಟ್ರ ಹತ್ರ ಹೋಗಿ "ಸಾರ್, ಯಾರ ಹತ್ರ ತಂದ ಮರಿಗಳು ಬರೀ ಇಂಜೆಕ್ಷನ್‌ಗೆ ಬರ್ತವೆ, ಯಾರ ಹತ್ರ ತಂದವು ಡ್ರಿಪ್ ಹಾಕ್ಸೋಕೆ ಬರ್ತವೆ" ಅಂತ ಕೇಳಿ. ಯಾರ ಹೆಸರೂ ಕೆಡಿಸೋಕೆ ಅವರಿಗೆ ಇಷ್ಟ ಇರಲ್ಲ, ಆದ್ರೆ ಒಳ್ಳೆಯವರ ಹೆಸರು ಖಂಡಿತ ಹೇಳ್ತಾರೆ. ಎರಡನೇದು, ನೀವು ನೋಡಿ ಮೆಚ್ಚಿದ ನಾಯಿ. ಪರಿಚಯದವರ ಮನೆಲಿ ಐದಾರು ವರ್ಷದ ಲ್ಯಾಬ್ರಡಾರ್ ಒಂದು ಆರೋಗ್ಯವಾಗಿ, ಶಾಂತವಾಗಿ ಇದೆ ಅಂದ್ರೆ ಅದನ್ನ ಎಲ್ಲಿಂದ ತಂದ್ರು ಕೇಳಿ. ಮರಿಯಲ್ಲಿ ಎಲ್ಲಾ ನಾಯಿನೂ ಚೆಂದ, ಐದು ವರ್ಷ ಆದ ಮೇಲೆ ಹೇಗಿದೆ ಅನ್ನೋದೇ ಬ್ರೀಡರ್ ಕೆಲಸದ ನಿಜವಾದ ಸರ್ಟಿಫಿಕೇಟ್.

ಮೂರನೇದು ಡಾಗ್ ಶೋ. ಮೈಸೂರು, ಬೆಂಗಳೂರಲ್ಲಿ ಶೋ ನಡೆಯುವಾಗ ಒಂದು ದಿನ ಹೋಗಿ ಬನ್ನಿ. ಕಪ್ ಗೆದ್ದ ನಾಯಿ ಮರಿನೇ ಬೇಕು ಅಂತೇನಿಲ್ಲ, ಒಂದೇ ಜಾತಿ ನಾಯಿ ಹತ್ತು ಹದಿನೈದು ಒಟ್ಟಿಗೆ ನೋಡೋಕೆ ಸಿಗುತ್ತೆ, ಅವುಗಳ ಸ್ವಭಾವ ಗುಂಪಿನಲ್ಲಿ ಹೇಗಿದೆ, ಯಜಮಾನರು ಅವನ್ನ ಹೇಗೆ ನೋಡ್ಕೊಳ್ತಾರೆ ಅಂತ ಗೊತ್ತಾಗುತ್ತೆ. ಅವರ ನಾಯಿ ರಿಂಗ್‌ನಿಂದ, ಅಂದ್ರೆ ನಾಯಿಗಳನ್ನ ನಡೆಸಿ ತೋರ್ಸೋ ಅಂಗಳದಿಂದ, ಹೊರಗೆ ಬಂದ ಮೇಲೆ ಮಾತಾಡ್ಸಿ, ಮುಂಚೆ ಮಾತಾಡ್ಸಿದ್ರೆ ಅವರಿಗೆ ಟೆನ್ಷನ್. ಕೆನಲ್ ಕ್ಲಬ್ ಆಫ್ ಇಂಡಿಯಾ ಚೆನ್ನೈಯಲ್ಲಿದೆ, ಎಲ್ಲರೂ ಕೆಸಿಐ ಅಂತಾರೆ, ಮರಿಗಳ ವಂಶಾವಳಿ ರಿಜಿಸ್ಟರ್ ಆಗೋದು ಅಲ್ಲಿ.

ನಮ್ಮ ರಾಜ್ಯದ್ದೇ ಜಾತಿ ಬೇಕು ಅಂದ್ರೆ ಮುಧೋಳ ನಾಯಿ ಇದೆ. ಬಾಗಲಕೋಟೆ ಜಿಲ್ಲೆ ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಇದೆ, ಆ ತಳಿನ ಉಳಿಸಿ ಬೆಳೆಸೋ ಕೆಲಸ ಅವರದ್ದು, ಮರಿನೂ ಕೊಡ್ತಾರೆ. 2005ರಲ್ಲಿ ಈ ನಾಯಿ ಮೇಲೆ ಅಂಚೆ ಚೀಟಿನೂ ಬಂತು. ಆದ್ರೆ ಅದು ಬಯಲುಸೀಮೆ ಬೇಟೆ ನಾಯಿ, ಮೈ ಮೇಲೆ ಕೊಬ್ಬು ಇಲ್ಲ, ಕೂದಲು ಗಿಡ್ಡ, ನಮ್ಮ ಆಟಿ ತಿಂಗಳ ಮಳೆಗೆ ಹೊರಗೆ ಬಿಟ್ರೆ ನಡುಗುತ್ತೆ, ಮೊಲ ಕಂಡ್ರೆ ಓಡುತ್ತೆ. ಓಡಾಡೋಕೆ ಬೇಲಿ ಹಾಕಿದ ಜಾಗ ಇದ್ದು ಮನೆ ಒಳಗೆ ಮಲಗಿಸೋರಿಗೆ ಅದು ಬಂಗಾರದಂಥ ನಾಯಿ.

ಇನ್ನು "ನಮ್ಮ ಮನೆ ನಾಯಿ ಮರಿ ಹಾಕಿದೆ, ಬೇಕಾ" ಅಂತ ಪಕ್ಕದ ತೋಟದವರು ಕೇಳೋದು ಕೊಡಗಲ್ಲಿ ಅತಿ ಸಾಮಾನ್ಯ. ಇದು ಕೆಟ್ಟದ್ದಲ್ಲ, ಎಷ್ಟೋ ಸಲ ದೊಡ್ಡ ಕೆನಲ್‌ಗಿಂತ ಇಂಥ ಮನೆಲಿ ಬೆಳೆದ ಮರಿಗೆ ಜನರ ಒಡನಾಟ ಜಾಸ್ತಿ. ತಾಯಿನ ನೀವು ಮೊದಲಿಂದ ನೋಡಿರ್ತೀರಿ ಅನ್ನೋದೂ ಒಂದು ಲಾಭ. ಹಾಗಂತ ಪರಿಚಯ, ನೆಂಟಸ್ತಿಕೆ ಅಂತ ಪ್ರಶ್ನೆ ಕೇಳದೆ ಬರಬೇಡಿ. ತಂದೆ ಯಾವುದು, ಇಂಜೆಕ್ಷನ್ ಆಗಿದ್ಯಾ, ಜಂತು ಔಷಧಿ ಕುಡಿಸಿದ್ರಾ, ಎಲ್ಲಾ ಕೇಳಿ, ಬೇಜಾರು ಮಾಡ್ಕೊಳ್ಳಲ್ಲ.

ಫೋನಲ್ಲೇ ಜರಡಿ ಹಿಡಿಯೋದು

ಹೋಗೋ ಮುಂಚೆ ಫೋನಲ್ಲಿ ಅರ್ಧ ಗಂಟೆ ಮಾತಾಡಿದ್ರೆ ಪೆಟ್ರೋಲ್ ಉಳಿಯುತ್ತೆ. ನೀವು "ಮರಿ ಇದ್ಯಾ" ಅಂದ ತಕ್ಷಣ ಆ ಕಡೆಯಿಂದ ರೇಟ್ ಬಂದ್ರೆ ಅವರು ವ್ಯಾಪಾರಸ್ಥರು. ಒಳ್ಳೆ ಬ್ರೀಡರ್ ಆದ್ರೆ ಮೊದ್ಲು ನಿಮ್ಮನ್ನೇ ಕೇಳೋಕೆ ಶುರು ಮಾಡ್ತಾರೆ, ಮನೆ ಎಲ್ಲಿ, ಕಾಂಪೌಂಡ್ ಇದ್ಯಾ, ಮಕ್ಕಳಿಗೆಷ್ಟು ವಯಸ್ಸು, ಹಿಂದೆ ನಾಯಿ ಸಾಕಿದ್ದೀರಾ, ಅದೇನಾಯ್ತು, ದಿನ ಪೂರ್ತಿ ಯಾರು ಮನೆಲಿರ್ತಾರೆ, ಕಟ್ಟಿ ಹಾಕ್ತೀರಾ ಬಿಡ್ತೀರಾ. ಕೆಲವರಿಗೆ ಇದು ಅವಮಾನ ಅನ್ಸುತ್ತೆ, ದುಡ್ಡು ಕೊಡೋನು ನಾನು, ಇವರ್ಯಾರು ಕೇಳೋಕೆ ಅಂತ. ನನ್ನ ಪ್ರಕಾರ ಇಷ್ಟು ಕೇಳದವರ ಹತ್ರ ಮರಿ ತಗೊಳ್ಳೋದೇ ಬೇಡ, ಆ ಮರಿ ಎಲ್ಲಿಗೆ ಹೋಗುತ್ತೆ ಅನ್ನೋ ಚಿಂತೆ ಇಲ್ದವರಿಗೆ ಅದು ಹುಟ್ಟೋ ಮುಂಚೆನೂ ಚಿಂತೆ ಇರಲ್ಲ.

ಎಷ್ಟು ಜಾತಿ ನಾಯಿ ಸಾಕ್ತೀರಿ ಅಂತ ಕೇಳಿ. ಒಂದು ಅಥವಾ ಎರಡು ಅಂದ್ರೆ ಸರಿ. "ಲ್ಯಾಬ್ ಇದೆ, ಗೋಲ್ಡನ್ ಇದೆ, ಶಿಟ್ಜು, ಪಗ್, ರಾಟ್‌ವೀಲರ್, ನಿಮಗೆ ಯಾವ್ದು ಬೇಕೋ ಹೇಳಿ ತರಿಸಿ ಕೊಡ್ತೀವಿ" ಅಂದ್ರೆ ಅವರು ಬ್ರೀಡರ್ ಅಲ್ಲ, ನಡುವಿನವರು. ತರಿಸಿ ಕೊಡೋ ಮರಿಗೆ ತಾಯಿ ಎಲ್ಲಿದೆ ಅಂತ ಅವರಿಗೂ ಗೊತ್ತಿರಲ್ಲ.

ಆಮೇಲೆ ಕೆಲವು ಮಾತು ಕಿವಿಗೆ ಬಿದ್ರೆ ಎಚ್ಚರ ಆಗಿ. "ಡಬಲ್ ಬೋನ್ ಲ್ಯಾಬ್", "ಡಬಲ್ ಕೋಟ್ ಶೆಫರ್ಡ್", "ಪಂಚ್ ಫೇಸ್ ಪಗ್", "ಟೀಕಪ್ ಪಾಮ್" (ಟೀ ಕಪ್ಪಲ್ಲಿ ಹಿಡಿಸೋಷ್ಟು ಸಣ್ಣ ಪಾಮೆರೇನಿಯನ್ ಅಂತ). ಡಬಲ್ ಬೋನ್ ಅಂತ ಒಂದು ಲ್ಯಾಬ್ ಯಾವ ಕೆನಲ್ ಕ್ಲಬ್ ಪುಸ್ತಕದಲ್ಲೂ ಇಲ್ಲ, ಜರ್ಮನ್ ಶೆಫರ್ಡ್‌ಗೆ ಹುಟ್ಟಿನಿಂದಲೇ ಎರಡು ಪದರ ಕೂದಲು, ಅದಕ್ಕೆ ಬೇರೆ ರೇಟ್ ಯಾಕೆ? ಪಗ್ ಮುಖ ಜಜ್ಜಿದಷ್ಟೂ ಅದಕ್ಕೆ ಉಸಿರಾಡೋ ಕಷ್ಟ ಜಾಸ್ತಿ, ಮೂಗಿನ ಹೊಳ್ಳೆ ತೆರೆದಿರೋ, ಸ್ವಲ್ಪ ಮೂತಿ ಇರೋ ಪಗ್‌ನೇ ಒಳ್ಳೇದು. "ಸರ್ಟಿಫಿಕೇಟ್ ಸಮೇತ ಇಷ್ಟು, ಇಲ್ದೆ ಇಷ್ಟು" ಅಂತ ಎರಡು ರೇಟ್ ಹೇಳಿದ್ರೂ ಅನುಮಾನ ಪಡಿ, ಯಾಕಂದ್ರೆ ಇಡೀ ಸೂಲನ್ನ ರಿಜಿಸ್ಟರ್ ಮಾಡ್ಸೋದು ಮರಿ ಬೆಲೆ ಮುಂದೆ ಅಂಥಾ ದೊಡ್ಡ ಖರ್ಚೇನಲ್ಲ.

ಅಡ್ವಾನ್ಸ್ ವಿಷ್ಯ. ನೋಡೋ ಮುಂಚೆ ಗೂಗಲ್ ಪೇಲಿ ಒಂದು ರೂಪಾಯಿನೂ ಹಾಕ್ಬೇಡಿ. ಬೇರೆ ಊರಿಂದ ಬಸ್ಸಲ್ಲಿ ಹಾಕಿ ಕಳಿಸ್ತೀವಿ, ಮೊದ್ಲು ಅರ್ಧ ದುಡ್ಡು, ಆಮೇಲೆ ಇನ್ಶೂರೆನ್ಸ್‌ಗೆ, ಆಮೇಲೆ ಬುಟ್ಟಿಗೆ ಅಂತ ಕೇಳ್ತಾನೇ ಹೋಗೋ ಮೋಸ ಎಲ್ಲಾ ಕಡೆ ಇದೆ. ಕಳಿಸಿದ ಫೋಟೋನ ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿ, ಅದೇ ಫೋಟೋ ಬೇರೆ ದೇಶದ ಪೇಜಲ್ಲಿ ಸಿಕ್ಕಿಬಿಡುತ್ತೆ ಎಷ್ಟೋ ಸಲ. ಇಲ್ಲಾಂದ್ರೆ ಈಗಲೇ ವಿಡಿಯೋ ಕಾಲ್ ಮಾಡಿ ತಾಯಿ ಜೊತೆ ಮರಿ ತೋರ್ಸಿ ಅನ್ನಿ, ನೆಟ್‌ವರ್ಕ್ ಇಲ್ಲ ಅನ್ನೋ ನೆಪ ಒಂದು ಸಲಕ್ಕೆ ಓಕೆ, ನಮ್ಮ ಕಡೆ ಅದು ನಿಜನೂ ಇರ್ಬೋದು, ದಿನಾ ಅದೇ ಆದ್ರೆ ಬಿಟ್ಬಿಡಿ.

ಕಾನೂನು ಏನ್ ಹೇಳುತ್ತೆ

ಇದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ. ನಾಯಿ ತಳಿ ಬೆಳೆಸೋದು, ಮಾರೋದಕ್ಕೆ ಅಂತಲೇ ಕೇಂದ್ರ ಸರ್ಕಾರ 2017ರಲ್ಲಿ ನಿಯಮ ತಂದಿದೆ. ಬ್ರೀಡರ್ ಆದವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡ್ಸಿರ್ಬೇಕು. 8 ವಾರ ತುಂಬದ ಮರಿ ಮಾರೋ ಹಾಗಿಲ್ಲ. ಮರಿ ಚರ್ಮದ ಕೆಳಗೆ ಗುರುತಿನ ಮೈಕ್ರೋಚಿಪ್ ಹಾಕ್ಸಿರ್ಬೇಕು. ಹೆಣ್ಣಿಗೆ 18 ತಿಂಗಳು ತುಂಬೋ ಮುಂಚೆ, 8 ವರ್ಷ ದಾಟಿದ ಮೇಲೆ ಮರಿ ಹಾಕ್ಸಬಾರ್ದು, 12 ತಿಂಗಳಲ್ಲಿ ಒಂದೇ ಸೂಲು, ಜೀವಮಾನದಲ್ಲಿ 5ಕ್ಕಿಂತ ಜಾಸ್ತಿ ಇಲ್ಲ. ಹಾಗಾಗಿ ತಾಯಿಗೆ ಎಷ್ಟು ವಯಸ್ಸು, ಇದು ಎಷ್ಟನೇ ಸೂಲು, ಹಿಂದಿನದು ಯಾವಾಗ ಅಂತ ಕೇಳಿದ್ರೆ ಅರ್ಧ ವಿಷ್ಯ ಹೊರಗೆ ಬರುತ್ತೆ. ಪ್ರತಿ ಸಲ ಬೆದೆಗೆ ಬಂದಾಗಲೂ ಕ್ರಾಸ್ ಮಾಡಿಸಿ ಮಾಡಿಸಿ ಮೊಲೆ ಜೋತು, ಬೆನ್ನು ಮೂಳೆ ಕಾಣೋ ತಾಯಿನ ನೋಡಿದ್ರೆ ನಿಮಗೇ ಗೊತ್ತಾಗುತ್ತೆ.

35 ದಿನದ ಮರಿ, 40 ದಿನದ ಮರಿ ಅಂತ ಮಾರ್ತಾರಲ್ಲ, ಅದು ಬರೀ ಕಾನೂನಿನ ಪ್ರಶ್ನೆ ಅಲ್ಲ. ಐದು, ಆರು, ಏಳನೇ ವಾರದಲ್ಲೇ ಮರಿಗಳು ಒಂದಕ್ಕೊಂದು ಕಚ್ಚಿ ಆಡೋದು. ಜೋರಾಗಿ ಕಚ್ಚಿದ್ರೆ ಇನ್ನೊಂದು ಕುಂಯ್ ಅಂತ ಕಿರುಚಿ ಆಟ ನಿಲ್ಸುತ್ತೆ, ತಾಯಿ ಗುರ್ ಅನ್ನುತ್ತೆ, ಹೀಗೆ ಹಲ್ಲು ಎಷ್ಟು ಒತ್ಬೇಕು ಅಂತ ಕಲಿಯುತ್ತೆ. ಆ ಪಾಠ ತಪ್ಪಿದ ಮರಿ ನಿಮ್ಮ ಮಗು ಕೈ ಕಚ್ಚೋದು ಬೇಕೂಂತ ಅಲ್ಲ, ಅದಕ್ಕೆ ಯಾರೂ ಹೇಳಿಕೊಟ್ಟೇ ಇಲ್ಲ. ಬೇಗ ಕೊಟ್ಟುಬಿಡೋದು ಮಾರೋರಿಗೆ ಲಾಭ, ಯಾಕಂದ್ರೆ ಆರು ವಾರದ ಮೇಲೆ ತಿಂಡಿ ಖರ್ಚು, ಇಂಜೆಕ್ಷನ್ ಖರ್ಚು, ಗಲೀಜು ಎಲ್ಲಾ ಜಾಸ್ತಿ.

ಹೋದಾಗ ನೋಡೋದು: ತಾಯಿ

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನೋದು ನಾಯಿ ವಿಷ್ಯದಲ್ಲಿ ಅಕ್ಷರಶಃ ನಿಜ, ಹೆದರಿಕೆ ಸ್ವಭಾವ ರಕ್ತದಲ್ಲೂ ಬರುತ್ತೆ, ತಾಯಿನ ನೋಡಿ ಕಲಿಯೋದ್ರಿಂದ್ಲೂ ಬರುತ್ತೆ. ಗೇಟ್ ಹತ್ರ ಯಾರಾದ್ರೂ ಬಂದಾಗೆಲ್ಲಾ ತಾಯಿ ಹುಚ್ಚು ಹಿಡಿದ ಹಾಗೆ ಬೊಗಳಿದ್ರೆ ಮರಿಗಳೂ ಅದನ್ನೇ ಕಲ್ತಿರ್ತವೆ.

ಮರಿ ಹುಟ್ಟಿ ಎರಡು ಮೂರು ವಾರದಲ್ಲಿ ಹೋದ್ರೆ ಎಂಥಾ ಸಾಧು ತಾಯಿನೂ ಗುರ್ ಅನ್ಬೋದು, ಅದನ್ನ ತಪ್ಪು ತಿಳೀಬೇಡಿ. ಐದು ಆರನೇ ವಾರದಲ್ಲಿ ಹೋಗಿ. ಆಗ ತಾಯಿ ಹೊರಗೆ ಬಂದು ನಿಮ್ಮನ್ನ ಮೂಸಿ, ಯಜಮಾನರು "ಪರವಾಗಿಲ್ಲ" ಅಂದ ಮೇಲೆ ಬಾಲ ಅಲ್ಲಾಡ್ಸಿ ಸುಮ್ಮನಾದ್ರೆ ಅದಕ್ಕಿಂತ ಒಳ್ಳೆ ಸೂಚನೆ ಬೇರೆ ಇಲ್ಲ. ತಾಯಿನ ಬೇರೆ ರೂಮಲ್ಲಿ ಕಟ್ಟಿ ಹಾಕಿ "ಅದು ಹೊಸಬರಿಗೆ ಆಗಲ್ಲ" ಅಂದ್ರೆ, ಅಥವಾ ತಾಯಿ ಮೂಲೆಗೆ ಒತ್ತಿಕೊಂಡು ಬಾಲ ಹೊಟ್ಟೆ ಕೆಳಗೆ ಇಟ್ಕೊಂಡು ಯಜಮಾನರಿಗೇ ಹೆದರ್ತಾ ಇದ್ರೆ, ಮರಿ ಎಷ್ಟೇ ಮುದ್ದಾಗಿದ್ರೂ ಥ್ಯಾಂಕ್ಸ್ ಹೇಳಿ ಬನ್ನಿ. "ತಾಯಿ ಹಳ್ಳಿಲಿದೆ", "ತಾಯಿ ಫ್ರೆಂಡ್ ಮನೆಲಿದೆ" ಅಂದ್ರೂ ಅದೇ.

ತಂದೆ ಅಲ್ಲೇ ಇರ್ಬೇಕು ಅಂತಿಲ್ಲ. ಚೆನ್ನಾಗಿ ಯೋಚ್ನೆ ಮಾಡಿ ಕ್ರಾಸ್ ಮಾಡ್ಸೋರು ಬೇರೆ ಊರಿನ ಗಂಡಿಗೆ ಕೊಟ್ಟಿರ್ತಾರೆ. ಅದರ ಹೆಸರು, ಯಜಮಾನರ ಪರಿಚಯ, ವಿಡಿಯೋ, ರಿಪೋರ್ಟ್ ತೋರ್ಸಿದ್ರೆ ಸಾಕು. ವಂಶಾವಳಿ ಪೇಪರ್‌ನಲ್ಲಿ ಅಜ್ಜ ಅಜ್ಜಿ ಹೆಸರು ನೋಡಿ, ತಂದೆ ಕಡೆನೂ ತಾಯಿ ಕಡೆನೂ ಅದೇ ಹೆಸರು ಮತ್ತೆ ಮತ್ತೆ ಬಂದ್ರೆ ಹತ್ತಿರದ ರಕ್ತಸಂಬಂಧ ಅಂತ ಅರ್ಥ, ಯಾಕೆ ಹಾಗೆ ಮಾಡಿದ್ರು ಅಂತ ಕೇಳಿ.

ಪೇಪರ್ ಬಗ್ಗೆ ಒಂದು ಮಾತು. ಕೆಸಿಐ ಸರ್ಟಿಫಿಕೇಟ್ ಹೇಳೋದು ಈ ಮರಿ ಇಂಥ ತಂದೆ ತಾಯಿಗೆ ಹುಟ್ಟಿದ್ದು ಅಂತ ಮಾತ್ರ. ಆರೋಗ್ಯ ಚೆನ್ನಾಗಿದೆ ಅಂತ ಅದು ಎಲ್ಲೂ ಹೇಳಲ್ಲ. ಆರೋಗ್ಯಕ್ಕೆ ಬೇರೆ ಪರೀಕ್ಷೆಗಳಿವೆ. ಲ್ಯಾಬ್, ಗೋಲ್ಡನ್, ಜರ್ಮನ್ ಶೆಫರ್ಡ್, ರಾಟ್‌ವೀಲರ್ ಆದ್ರೆ ತಂದೆ ತಾಯಿ ಇಬ್ಬರದ್ದೂ ಸೊಂಟದ ಎಕ್ಸ್‌ರೇ ಕೇಳಿ. ಸೊಂಟದ ಕೀಲು ಸರಿಯಾಗಿ ಕೂರದ ಕಾಯಿಲೆ ವಂಶದಲ್ಲಿ ಬರೋದು, ಮರಿಯಲ್ಲಿ ಗೊತ್ತಾಗಲ್ಲ, ದೊಡ್ಡದಾದ ಮೇಲೆ ಮೊಲದ ತರ ಎರಡೂ ಹಿಂಗಾಲು ಒಟ್ಟಿಗೆ ಎತ್ತಿ ಓಡೋಕೆ ಶುರು ಮಾಡುತ್ತೆ, ನಮ್ಮ ಏರು ತಗ್ಗಿನ ತೋಟದಲ್ಲಿ ಅಂಥಾ ನಾಯಿಗೆ ದಿನಾ ನರಕ. ಲ್ಯಾಬ್‌ಗೆ ಕಣ್ಣು ನಿಧಾನಕ್ಕೆ ಕುರುಡಾಗೋ ಒಂದು ಕಾಯಿಲೆ ಇದೆ, ಅದಕ್ಕೆ ಡಿಎನ್‌ಎ ಟೆಸ್ಟ್ ಇದೆ. ಡಾಬರ್‌ಮನ್‌ಗೆ ಹೃದಯ, ಡಾಲ್ಮೇಷನ್‌ಗೆ ಕಿವುಡು, ಡ್ಯಾಶ್‌ಹೌಂಡ್‌ಗೆ ಬೆನ್ನುಮೂಳೆ, ನೀವು ತರೋ ಜಾತಿಗೆ ಯಾವ ಕಾಯಿಲೆ ಅಂಟಿಕೊಂಡು ಬರುತ್ತೆ ಅಂತ ಮೊದ್ಲೇ ಡಾಕ್ಟ್ರ ಹತ್ರ ಕೇಳ್ಕೊಂಡು ಹೋಗಿ. ಇಷ್ಟೆಲ್ಲಾ ಟೆಸ್ಟ್ ಮಾಡ್ಸಿರೋ ಬ್ರೀಡರ್ ನಮ್ಮ ಕಡೆ ಕಮ್ಮಿ, ಅದು ನಿಜ. ಆದ್ರೆ ಪ್ರಶ್ನೆ ಕೇಳಿದಾಗ ಅವರು ಏನಂತಾರೆ ಅನ್ನೋದ್ರಲ್ಲೇ ಬಹಳ ಗೊತ್ತಾಗುತ್ತೆ. "ಎಕ್ಸ್‌ರೇ ಮಾಡ್ಸಿಲ್ಲ, ಆದ್ರೆ ಇದರ ಹಿಂದಿನ ಸೂಲಿನ ಮರಿಗಳು ಇಂಥವರ ಮನೆಲಿವೆ, ಈಗ ನಾಲ್ಕು ವರ್ಷ, ಹೋಗಿ ನೋಡಿ" ಅಂದ್ರೆ ಅದು ಪ್ರಾಮಾಣಿಕ ಉತ್ತರ. "ನಮ್ಮ ನಾಯಿಗೆ ಅಂಥಾ ಕಾಯಿಲೆ ಎಲ್ಲಾ ಬರಲ್ಲ" ಅಂದ್ರೆ ಅದು ಉತ್ತರನೇ ಅಲ್ಲ.

ಹೋದಾಗ ನೋಡೋದು: ಜಾಗ ಮತ್ತು ಮರಿ

ಮರಿಗಳು ಎಲ್ಲಿ ಬೆಳೀತಾ ಇವೆ? ಮನೆ ಒಳಗೆ, ಇಲ್ಲಾ ಅಡಿಗೆಮನೆ ಪಕ್ಕದ ಜಗಲಿಯಲ್ಲಿ, ಮಿಕ್ಸಿ ಸೌಂಡು, ಟಿವಿ, ಮಕ್ಕಳ ಓಡಾಟ ಎಲ್ಲಾ ಕೇಳ್ಕೊಂಡು ಬೆಳೆದ ಮರಿಗೂ, ತೋಟದ ಕೊನೆಯಲ್ಲಿ ಹಳೇ ಹಂದಿಗೂಡಲ್ಲಿ ದಿನಕ್ಕೆರಡು ಸಲ ಊಟ ಹಾಕುವಾಗ ಮಾತ್ರ ಮನುಷ್ಯರನ್ನ ನೋಡಿದ ಮರಿಗೂ ಅಜಗಜಾಂತರ. ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗೆ ಮರಿ ಏನೇನು ನೋಡುತ್ತೆ, ಕೇಳುತ್ತೆ ಅದಕ್ಕೆ ಹೊಂದ್ಕೊಳ್ಳುತ್ತೆ, ಆಮೇಲೆ ಹೊಸದೆಲ್ಲಾ ಅನುಮಾನ. ಅದರಲ್ಲಿ ಮೊದಲ ಐದು ವಾರ ಬ್ರೀಡರ್ ಕೈಲೇ ಕಳೆದು ಹೋಗಿರುತ್ತೆ, ಅದನ್ನ ವಾಪಸ್ ತರೋಕೆ ಯಾವ ಟ್ರೈನರ್‌ಗೂ ಪೂರ್ತಿ ಆಗಲ್ಲ. ನಮ್ಮಲ್ಲಂತೂ ಕೈಲ್‌ಪೊಳ್ದ್, ಪುತ್ತರಿ ಹಬ್ಬ ಅಂದ್ರೆ ಕೋವಿ ಸದ್ದು, ಕಾಫಿ ಕುಯ್ಲಿನಲ್ಲಿ ಜೀಪು, ಟ್ರ್ಯಾಕ್ಟರ್, ಹೊಸ ಹೊಸ ಕೆಲಸದವರು. ಸದ್ದಿಗೆ ಪ್ರಾಣ ಬಿಡೋ ನಾಯಿಗೆ ಇಲ್ಲಿ ಬದುಕೋದು ಕಷ್ಟ. ಮರಿಗಳ ಹಿಂದೆ ಒಂದು ಸ್ಟೀಲ್ ತಟ್ಟೆ ಬೀಳಿಸಿ ನೋಡಿ, ಬೆಚ್ಚಿ ಬೀಳೋದು ಸಹಜ, ಆದ್ರೆ ಸ್ವಲ್ಪ ಹೊತ್ತಲ್ಲೇ ಏನದು ಅಂತ ಮೂಸೋಕೆ ಬರ್ಬೇಕು.

ಗಲೀಜು ಬಗ್ಗೆ: ಆರು ಮರಿ ಇರೋ ಜಾಗದಲ್ಲಿ ಒಂದೆರಡು ಕಡೆ ಹೇಲು ಇದ್ರೆ ಏನೂ ಅನ್ಕೋಬೇಡಿ. ಒಣಗಿ ಅಂಟಿದ್ದು, ನೀರಿನ ಬಟ್ಟಲಲ್ಲಿ ಪಾಚಿ, ಕಣ್ಣು ಉರಿಯೋ ವಾಸನೆ ಇದ್ರೆ ಬೇಡ.

ಮರಿ ಎತ್ತಿ ಕೈಯಲ್ಲಿ ಹಿಡ್ಕೊಂಡು ನೋಡಿ. ವಸಡು ತಿಳಿ ಗುಲಾಬಿ ಬಣ್ಣ ಇರ್ಬೇಕು, ಬಿಳಿಚಿಕೊಂಡಿದ್ರೆ ಜಂತುನೋ ಉಣ್ಣೆನೋ ರಕ್ತ ಹೀರ್ತಾ ಇದೆ. ಕಣ್ಣಲ್ಲಿ ಪಿಸುರು, ಮೂಗಲ್ಲಿ ಸಿಂಬಳ ಇರಬಾರ್ದು. ಮೈ ಸಣ್ಣ ಇದ್ದು ಹೊಟ್ಟೆ ಮಾತ್ರ ಡೋಲಿನ ಹಾಗೆ ಉಬ್ಬಿದ್ರೆ ಜಂತು ತುಂಬಿದೆ. ಬಾಲದ ಕೆಳಗೆ ಒದ್ದೆ, ಅಂಟು ಇದ್ರೆ ಭೇದಿ ಆಗ್ತಿದೆ, ಆ ಸೂಲಿನ ಯಾವ ಮರಿನೂ ಆ ದಿನ ತರಬೇಡಿ. ಕಿವಿ ಒಳಗೆ ಕಾಫಿಪುಡಿ ತರ ಕಪ್ಪು ಕಸ ಇದ್ರೆ ಕಿವಿ ಹುಳ. ಮುಖದಲ್ಲಿ, ಮುಂಗಾಲಲ್ಲಿ ಕೂದಲು ಉದುರಿದ ಮಚ್ಚೆ ಇದ್ರೆ ಕಜ್ಜಿ ಇರ್ಬೋದು, ಡಾಕ್ಟ್ರಿಗೆ ತೋರ್ಸದೆ ಒಪ್ಕೋಬೇಡಿ. ಹೊಕ್ಕುಳ ಹತ್ರ ಮೆತ್ತಗೆ ಗುಳ್ಳೆ ಇದ್ರೆ ಹರ್ನಿಯಾ. ಗಂಡು ಮರಿ ಆದ್ರೆ ಎರಡೂ ಬೀಜ ಇಳಿದಿದ್ಯಾ ನೋಡಿ. ಬಾಯಿ ತೆಗೆಸಿ ಮೇಲ್ಭಾಗ ಸೀಳಿಲ್ಲ ಅಂತ ನೋಡಿ. ಆಮೇಲೆ ನೆಲದ ಮೇಲೆ ಬಿಟ್ಟು ನಡೆಯೋದು, ಓಡೋದು ನೋಡಿ.

ಸ್ವಭಾವಕ್ಕೆ ಬಂದ್ರೆ, ಎಲ್ಲಾ ಮರಿನೂ ತುಳಿದು ಮೊದ್ಲು ಓಡಿ ಬಂದು ನಿಮ್ಮ ಶೂ ಲೇಸ್ ಎಳೆಯೋ ಮರಿ ಎಲ್ಲರಿಗೂ ಇಷ್ಟ ಆಗುತ್ತೆ, "ನಮ್ಮನ್ನ ಅದೇ ಆರಿಸ್ಕೊಂಡ್ತು" ಅಂತ ತರ್ತಾರೆ. ಅದು ಬಹಳ ಚುರುಕು ಮರಿ, ದಿನಾ ಎರಡು ಹೊತ್ತು ಕೆಲಸ ಕೊಡೋರಿಗೆ ಸರಿ. ಮೂಲೆಲಿ ಕೂತು ನಡುಗೋ ಮರಿನ ಪಾಪ ಅಂತ ತರೋರೂ ಇದ್ದಾರೆ, ಮನಸ್ಸು ಒಳ್ಳೇದೇ, ಆದ್ರೆ ಸಣ್ಣ ಮಕ್ಕಳ ಮನೆಗೆ, ಹೋಮ್‌ಸ್ಟೇಗೆ ಅದು ಬೇಡ, ಹೆದರಿದ ನಾಯಿನೇ ಮೊದ್ಲು ಕಚ್ಚೋದು. ನಡುವಿನ ಮರಿ ನೋಡಿ, ಬರುತ್ತೆ, ಮೂಸುತ್ತೆ, ಎತ್ಕೊಂಡ್ರೆ ಸ್ವಲ್ಪ ಒದ್ದಾಡಿ ಸುಮ್ಮನಾಗುತ್ತೆ, ಕೆಳಗೆ ಬಿಟ್ರೆ ಆಡೋಕೆ ಹೋಗಿ ಮತ್ತೆ ವಾಪಸ್ ಬರುತ್ತೆ. ನಿಜ ಹೇಳ್ಬೇಕಂದ್ರೆ ಒಂದು ಗಂಟೆ ನೋಡಿ ನಾವು ಆರಿಸೋದಕ್ಕಿಂತ ಎಂಟು ವಾರ ಅವುಗಳ ಜೊತೆ ಇದ್ದ ಬ್ರೀಡರ್ ಆರಿಸೋದು ಮೇಲು. ಆ ಒಂದು ಗಂಟೆಲಿ ಚುರುಕಿನ ಮರಿಗೆ ನಿದ್ದೆ ಬಂದಿರ್ಬೋದು, ಮಂಕು ಮರಿಗೆ ಆಗಷ್ಟೇ ಹಸಿವಾಗಿರ್ಬೋದು. "ನಮ್ಮ ಮನೆಲಿ ಆರು ವರ್ಷದ ಮಗು, ಎಪ್ಪತ್ತು ದಾಟಿದ ಅಜ್ಜಿ ಇದ್ದಾರೆ, ಯಾವ ಮರಿ ಸರಿ" ಅಂತ ಅವರನ್ನೇ ಕೇಳಿ. ಮತ್ತೆ, ಜೊತೆಗಿರ್ಲಿ ಅಂತ ಒಂದೇ ಸೂಲಿನ ಎರಡು ಮರಿ ತರಬೇಡಿ, ಅವು ಒಂದಕ್ಕೊಂದು ಅಂಟ್ಕೊಂಡು ನಿಮ್ಮ ಮಾತು ಕೇಳೋದು ಕಷ್ಟ ಆಗುತ್ತೆ.

ಇಂಜೆಕ್ಷನ್ ಕಾರ್ಡು, ಬರವಣಿಗೆ, ದುಡ್ಡು

ಜಂತು ಔಷಧಿ ಎರಡನೇ ವಾರದಿಂದ ಹದಿನೈದು ದಿನಕ್ಕೊಂದು ಸಲ ಕುಡಿಸಿರ್ಬೇಕು. ಮೊದಲ ಇಂಜೆಕ್ಷನ್ ಆರರಿಂದ ಎಂಟು ವಾರದೊಳಗೆ ಆಗುತ್ತೆ, ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರದವರೆಗೆ, ರೇಬಿಸ್‌ದು ಮೂರು ತಿಂಗಳಿಗೆ. "ಫುಲ್ ವ್ಯಾಕ್ಸಿನೇಷನ್ ಆಗಿದೆ" ಅಂತ 45 ದಿನದ ಮರಿಗೆ ಹೇಳಿದ್ರೆ ಸುಳ್ಳು, ತಾಯಿ ಹಾಲಿಂದ ಬಂದ ಶಕ್ತಿ ಇರೋ ತನಕ ಲಸಿಕೆ ಪೂರ್ತಿ ಹಿಡಿಯಲ್ಲ, ಅದಕ್ಕೇ ಮತ್ತೆ ಮತ್ತೆ ಕೊಡೋದು. ಕಾರ್ಡಲ್ಲಿ ಬರೀ ಪೆನ್ನಲ್ಲಿ ತಾರೀಕು ಬರೆದಿದ್ರೆ ಸಾಲದು, ಬಾಟ್ಲಿಯಿಂದ ತೆಗೆದ ಸ್ಟಿಕ್ಕರ್, ಬ್ಯಾಚ್ ನಂಬರ್, ಡಾಕ್ಟ್ರ ಸಹಿ, ಸೀಲು ಇರ್ಬೇಕು. ಲಸಿಕೆ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡ್ಬೇಕಾದ್ದು, ಮೆಡಿಕಲ್ ಶಾಪಿಂದ ತಂದು ಬೈಕಲ್ಲಿ ಬಿಸಿಲಲ್ಲಿ ಇಟ್ಕೊಂಡು ಬಂದು ತಾವೇ ಚುಚ್ಚಿದ್ರೆ ಅದು ನೀರಿಗೆ ಸಮ. ಕೊಡಗಿನ ಮಳೆಗೆ ಲೆಪ್ಟೋ, ಅಂದ್ರೆ ಇಲಿ ಜ್ವರದ ಲಸಿಕೆ ಸೇರಿರೋದನ್ನೇ ಹಾಕ್ಸಿ, ಆ ಜ್ವರ ನಾಯಿಯಿಂದ ಮನುಷ್ಯರಿಗೂ ಬರುತ್ತೆ. ಉಣ್ಣೆ ಜ್ವರಕ್ಕೆ ಮಾತ್ರ ಲಸಿಕೆ ನಂಬ್ಕೊಂಡು ಕೂರೋ ಹಾಗಿಲ್ಲ, ಉಣ್ಣೆ ಔಷಧಿ ಯಾವ ವಯಸ್ಸಿಂದ ಶುರು ಮಾಡ್ಬೇಕು ಅಂತ ಡಾಕ್ಟ್ರಿಗೆ ಕೇಳಿ, ತೋಟದಲ್ಲಿ ಓಡಾಡೋ ನಾಯಿಗೆ ಇದು ವರ್ಷ ಪೂರ್ತಿ ಕೆಲಸ.

ಒಂದು ಬಿಳಿ ಹಾಳೆಲಿ ಆದ್ರೂ ಸರಿ, ಬರವಣಿಗೆ ಮಾಡ್ಕೊಳ್ಳಿ. ಎರಡು ಮೂರು ದಿನದೊಳಗೆ ನಿಮ್ಮ ಡಾಕ್ಟ್ರು ನೋಡಿ ಹುಟ್ಟಿನ ತೊಂದರೆ ಏನಾದ್ರೂ ಇದೆ ಅಂದ್ರೆ ಮರಿ ವಾಪಸ್ ತಗೊಂಡು ದುಡ್ಡು ಕೊಡ್ಬೇಕು, ಮುಂದೆ ಯಾವಾಗ್ಲಾದ್ರೂ ನಿಮಗೆ ಸಾಕೋಕೆ ಆಗದೆ ಹೋದ್ರೆ ಮರಿ ಅವರಿಗೇ ವಾಪಸ್. ಈ ಎರಡನೇ ಮಾತನ್ನ ಬ್ರೀಡರ್ ತಾವಾಗೇ ಎತ್ತಿದ್ರೆ ಅವರನ್ನ ಬಿಡಬೇಡಿ, ತಾವು ಹುಟ್ಟಿಸಿದ ನಾಯಿ ಬೀದಿಲಿ ಬೀಳಬಾರ್ದು ಅನ್ನೋ ಕಾಳಜಿ ಅದು. ರಸೀದಿ, ಮೈಕ್ರೋಚಿಪ್ ನಂಬರ್, ಕೆಸಿಐ ಪೇಪರ್ ಇದ್ರೆ ಯಾವಾಗ ಬರುತ್ತೆ, ಈಗ ಏನು ತಿಂತಾ ಇದೆ, ಎಲ್ಲಾ ಬರೆಸ್ಕೊಳ್ಳಿ. ಅದೇ ತಿಂಡಿ ಒಂದು ವಾರಕ್ಕಾಗೋಷ್ಟು ಜೊತೆಗೆ ತನ್ನಿ, ತಕ್ಷಣ ಬದಲಾಯಿಸಿದ್ರೆ ಭೇದಿ ಗ್ಯಾರಂಟಿ.

ಕಾಯೋಕೆ ರೆಡಿ ಇರಿ. ಒಳ್ಳೆಯವರ ಹತ್ರ ಮರಿ ಯಾವಾಗ್ಲೂ ಸಿಗಲ್ಲ, "ಮುಂದಿನ ಸೂಲು ನವೆಂಬರ್‌ಗೆ, ಹೆಸರು ಬರ್ಕೊಳ್ತೀನಿ" ಅಂತಾರೆ. ನಾಯಿ ಗರ್ಭ ಸುಮಾರು 63 ದಿನ, ಅದಕ್ಕೆ ಎಂಟು ವಾರ ಸೇರ್ಸಿ ಲೆಕ್ಕ ಹಾಕಿ. ನನ್ನ ಕೇಳಿದ್ರೆ ಜೂನ್ ಜುಲೈನಲ್ಲಿ ಕೊಡಗಿಗೆ ಮರಿ ತರದೇ ಇರೋದು ಒಳ್ಳೇದು, ಹೊರಗೆ ಬಿಡೋಕಾಗಲ್ಲ, ಉಚ್ಚೆ ಕಲಿಸೋಕಾಗಲ್ಲ, ಜನ ಬರಲ್ಲ ಹೋಗಲ್ಲ, ಕಲಿಯೋ ವಯಸ್ಸು ಮನೆ ಒಳಗೇ ಮುಗಿದು ಹೋಗುತ್ತೆ. ಕುಯ್ಲು ಜೋರಿರುವಾಗ ತಂದ್ರೆ ಅದನ್ನ ನೋಡೋಕೆ ಯಾರಿಗೂ ಪುರುಸೊತ್ತಿರಲ್ಲ. ಅಕ್ಟೋಬರ್ ಮಧ್ಯದಲ್ಲಿ ಕಾವೇರಿ ಸಂಕ್ರಮಣ ಮುಗಿದು ಕುಯ್ಲು ಶುರು ಆಗೋ ಮುಂಚಿನ ಸಮಯ ಚೆನ್ನಾಗಿರುತ್ತೆ.

ಮರಿ ತರೋ ದಿನ

ಬೆಳಿಗ್ಗೆ ಹೋಗಿ, ಹೊರಡೋಕೆ ಎರಡು ಮೂರು ಗಂಟೆ ಮುಂಚೆ ಮರಿಗೆ ಊಟ ಹಾಕ್ಬೇಡಿ ಅಂತ ಮೊದ್ಲೇ ಹೇಳಿ, ಮೈಸೂರಿಂದ ಬಂದ್ರೂ ಮಂಗಳೂರು ಕಡೆಯಿಂದ ಸಂಪಾಜೆ ಘಾಟಿ ಹತ್ತಿದ್ರೂ ತಿರುವಲ್ಲಿ ವಾಂತಿ ಮಾಡುತ್ತೆ. ತಾಯಿ ಮಲಗಿದ್ದ ಬಟ್ಟೆ ತುಂಡೊಂದು ಕೇಳಿ ತನ್ನಿ, ಮೊದಲ ರಾತ್ರಿ ಅದರ ವಾಸನೆ ಬೇಕಾಗುತ್ತೆ. ದಾರಿಲಿ ಟೀ ಕುಡಿಯೋಕೆ ನಿಲ್ಲಿಸ್ದಾಗ ಹೋಟೆಲ್ ಮುಂದೆ, ಪೆಟ್ರೋಲ್ ಬಂಕ್ ಹತ್ರ ಮರಿನ ನೆಲಕ್ಕೆ ಬಿಡ್ಲೇಬೇಡಿ. ಮರಿಗಳಿಗೆ ವಾಂತಿ, ರಕ್ತ ಭೇದಿ ತರೋ ಪಾರ್ವೋ ವೈರಸ್ ಮಣ್ಣಲ್ಲಿ ತಿಂಗಳುಗಟ್ಟಲೆ ಬದುಕಿರುತ್ತೆ, ಮಾಮೂಲಿ ಫಿನಾಯಿಲ್‌ಗೆ ಸಾಯಲ್ಲ. ಹಿಂದೆ ನಿಮ್ಮ ಮನೆಲಿ ಪಾರ್ವೋದಿಂದ ಮರಿ ಸತ್ತಿದ್ರೆ ಅದನ್ನ ಡಾಕ್ಟ್ರಿಗೂ ಬ್ರೀಡರ್‌ಗೂ ಹೇಳಿ, ಹಳೇ ಬಟ್ಟಲು, ಹಾಸಿಗೆ ಬಿಸಾಕಿ, ಸಿಮೆಂಟ್ ನೆಲ ಬ್ಲೀಚ್ ನೀರಲ್ಲಿ ತೊಳೀರಿ, ಆಮೇಲೆ ತನ್ನಿ.

ಮರುದಿನನೇ ಡಾಕ್ಟ್ರಿಗೆ ತೋರ್ಸಿ. ಬ್ರೀಡರ್‌ಗೆ ಫೋನ್ ಮಾಡಿ ತಿಂತು, ಮಲಗ್ತು ಅಂತ ಹೇಳಿ, ತಿಂಗಳಿಗೊಂದು ಫೋಟೋ ಕಳಿಸಿ. ಎರಡು ವರ್ಷ ಆದ ಮೇಲೆ ಸೊಂಟದ ಎಕ್ಸ್‌ರೇ ತೆಗೆಸೋದಾದ್ರೆ, ಬೆಂಗಳೂರು ಹೆಬ್ಬಾಳದ ವೆಟರ್ನರಿ ಕಾಲೇಜ್ ಆಸ್ಪತ್ರೆಲಿ ಆಗುತ್ತೆ, ರಿಪೋರ್ಟ್ ಚೆನ್ನಾಗಿ ಬಂದ್ರೂ ಕೆಟ್ಟದಾಗಿ ಬಂದ್ರೂ ಒಂದು ಕಾಪಿ ಬ್ರೀಡರ್‌ಗೆ ಕಳಿಸಿ, ಅದೇ ಜೋಡಿನ ಮತ್ತೆ ಸೇರಿಸ್ಬೇಕೋ ಬೇಡ್ವೋ ಅಂತ ಅವರು ತೀರ್ಮಾನ ಮಾಡೋಕೆ ಅದು ಬೇಕಾಗುತ್ತೆ.